ನೋಡಿದ್ದು ಎಡಕ್ಕೆ, ಓದಿದ್ದು ಬಲಕ್ಕೆ: ನವೋದಯದಲ್ಲಿ ಜೀವಶಾಸ್ತ್ರ ಕಲಿಸುತ್ತಾ

ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯಕ್ಕೆ ಆರನೇ ಕ್ಲಾಸಿಗೆ ಸೇರಬೇಕಾದರೆ ಐದರಲ್ಲಿದ್ದಾಗಲೇ ಒಂದು ಪರೀಕ್ಷೆ ಬರೆಯಬೇಕು. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅರ್ಧ ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತೆ, ಮಡಿಸಿದ ಕಾಗದಕ್ಕೆ ತೂತು ಮಾಡಿ ಬಿಚ್ಚಿದರೆ ಹೇಗಿರುತ್ತೆ, ಇಂಥವು. ಉಳಿದದ್ದರಲ್ಲಿ 20 ಅಂಕಗಣಿತ, 20 ಭಾಷೆ. ವಿಜ್ಞಾನದ್ದು ಒಂದೂ ಇಲ್ಲ. ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೆ. ಜಿಲ್ಲೆಗೆಲ್ಲ ಅಷ್ಟೇ.

ಹೀಗೆ ಬಂದ ಮಕ್ಕಳಿಗೆ ನಾನು ಜೀವಶಾಸ್ತ್ರ ಹೇಳಿಕೊಡುತ್ತೇನೆ. ಹನ್ನೊಂದು, ಹನ್ನೆರಡು ನನ್ನ ಮುಖ್ಯ ಕ್ಲಾಸು. ಒಂಬತ್ತು, ಹತ್ತಕ್ಕೂ ಹೋಗುತ್ತೇನೆ. ಹಳೇ ಮೈಸೂರು ಕಡೆಯ ರೇಷ್ಮೆ, ರಾಗಿ ಬೆಳೆಯುವ ಜಿಲ್ಲೆ. ವಸತಿ ಶಾಲೆ ಆದ್ದರಿಂದ ನಮ್ಮ ಮನೆಯೂ ಕ್ಯಾಂಪಸ್ಸಿನಲ್ಲೇ.

ಹೊರಗಿನವರು ಕೇಳುವುದು ಒಂದೇ: "ಆರಿಸಿ ತಂದ ಮಕ್ಕಳಲ್ವಾ ಮೇಡಂ, ನಿಮಗೇನು ಕಷ್ಟ?" ಅರ್ಥ ಮಾಡಿಸುವ ಕಷ್ಟ ಜಾಸ್ತಿ ಇಲ್ಲ, ನಿಜ. ಪುಸ್ತಕ ಕೊಟ್ಟರೆ ಅವರೇ ಓದಿಕೊಳ್ಳುತ್ತಾರೆ. ನಾನು ಪಾಠ ಶುರು ಮಾಡುವ ಹೊತ್ತಿಗೆ ಮುಂದಿನ ಬೆಂಚಿನ ಒಬ್ಬಳು ಅಧ್ಯಾಯದ ಕೊನೆಯ ಪ್ರಶ್ನೆಗಳನ್ನೂ ಮುಗಿಸಿರುತ್ತಾಳೆ. ಕಷ್ಟ ಇರುವುದು ಅವರನ್ನು ನಿಧಾನ ಮಾಡುವುದರಲ್ಲಿ. ನಾಲ್ಕು ಉತ್ತರದಲ್ಲಿ ಸರಿಯಾದ್ದನ್ನು ಥಟ್ಟಂತ ಹಿಡಿಯುವ ಮಕ್ಕಳನ್ನೇ ಆ ಪರೀಕ್ಷೆ ಆರಿಸಿ ಕಳಿಸುತ್ತದೆ. ಉತ್ತರ ಗೊತ್ತಾದ ಮೇಲೆ ಇನ್ನೇನು ನೋಡುವುದು ಅನ್ನುವುದು ಅವರ ಲೆಕ್ಕ. ಜೀವಶಾಸ್ತ್ರದಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಒಂಬತ್ತನೇ ಕ್ಲಾಸಿನ ಈರುಳ್ಳಿ ಸಿಪ್ಪೆಯ ಪ್ರಯೋಗದಲ್ಲೇ ಇದು ಎದ್ದು ಕಾಣುತ್ತದೆ. ಈರುಳ್ಳಿಯ ಒಳಪದರದಿಂದ ತೆಳ್ಳಗೆ ಪೊರೆ ಎಳೆದು, ಸಫ್ರಾನಿನ್ ಅನ್ನುವ ಬಣ್ಣ ಹಾಕಿ, ತೊಳೆದು, ಸ್ಲೈಡಿನ ಮೇಲೆ ಹರಡಿ, ಕವರ್ ಸ್ಲಿಪ್ಪು ಮುಚ್ಚಿ ನೋಡುವುದು. ಹತ್ತು ನಿಮಿಷಕ್ಕೆ ಎಲ್ಲರ ಚಿತ್ರವೂ ರೆಡಿ. ಇಟ್ಟಿಗೆ ಜೋಡಿಸಿದ ಹಾಗೆ ಒಂದೇ ಅಳತೆಯ ಕೋಶಗಳು, ಪ್ರತಿಯೊಂದರ ನಟ್ಟನಡುವೆ ಒಂದು ಚುಕ್ಕಿ, ಅದಕ್ಕೊಂದು ಬಾಣ, ನ್ಯೂಕ್ಲಿಯಸ್. ಅಂದದ ಚಿತ್ರ. ಆದರೆ ಹೋಗಿ ಅವರ ಮೈಕ್ರೋಸ್ಕೋಪಿನಲ್ಲಿ ಇಣುಕಿದರೆ ಅಲ್ಲಿರುವುದೇ ಬೇರೆ. ಪೊರೆ ಮಡಿಸಿಕೊಂಡಿದೆ. ಕೋಶಗಳು ಒಂದು ಉದ್ದ, ಒಂದು ಗಿಡ್ಡ. ನ್ಯೂಕ್ಲಿಯಸ್ ಬಹುಪಾಲು ಕೋಶಗಳಲ್ಲಿ ಗೋಡೆಗೆ ಒತ್ತಿಕೊಂಡಿದೆ, ಯಾಕೆಂದರೆ ನಡುವಿನ ಜಾಗವನ್ನೆಲ್ಲ ರಸ ತುಂಬಿದ ಚೀಲದಂಥ ದೊಡ್ಡ ರಸದಾನಿ (ವ್ಯಾಕ್ಯೂಲ್) ಹಿಡಿದಿರುತ್ತದೆ. ಕೆಲವದರಲ್ಲಿ ನ್ಯೂಕ್ಲಿಯಸ್ ಕಾಣುವುದೇ ಇಲ್ಲ. ಮತ್ತೆ ಅಲ್ಲಲ್ಲಿ ದಪ್ಪ ಕಪ್ಪು ಅಂಚಿನ ದುಂಡನೆಯ ವಸ್ತುಗಳು. ಅವು ಗಾಳಿಗುಳ್ಳೆ. ಅವನ್ನು ಒಂದೋ ನ್ಯೂಕ್ಲಿಯಸ್ ಅಂದುಕೊಳ್ಳುತ್ತಾರೆ, ಇಲ್ಲಾ ಕಂಡೂ ಕಾಣದ ಹಾಗೆ ಬಿಡುತ್ತಾರೆ.

ಅದಕ್ಕೆ ಒಂದು ನಿಯಮ ಮಾಡಿದೆ. ಲ್ಯಾಬಿನಲ್ಲಿ ಪುಸ್ತಕ ತೆರೆಯುವ ಹಾಗಿಲ್ಲ. ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ. ಎಡಕ್ಕೆ ನೋಡಿದ್ದು, ಬಲಕ್ಕೆ ಓದಿದ್ದು. ಎಡಗಡೆ ಗಾಳಿಗುಳ್ಳೆ ಬರೆದಿದ್ದರೆ ಅಂಕ ಉಂಟು. ಎಡಗಡೆ ಪುಸ್ತಕದ ಚಿತ್ರ ಬಂದಿದ್ದರೆ ಸೊನ್ನೆ. ಮೊದಲ ತಿಂಗಳು ದೊಡ್ಡ ಗಲಾಟೆ. ಊರಿನ ಶಾಲೆಯಲ್ಲಿ ಸೊನ್ನೆ ಕಂಡ ಮಕ್ಕಳಲ್ಲ ಇವರು. "ಮೇಡಂ, ಪುಸ್ತಕದಲ್ಲಿ ಹೀಗೇ ಇದೆಯಲ್ಲ" ಅಂತ ವಾದ. ಪುಸ್ತಕದಲ್ಲಿ ಇರಲಿ ಮಾರಾಯ, ನಿನ್ನ ಸ್ಲೈಡಿನಲ್ಲಿ ಏನಿದೆ?

ಇವರಿಗೆ ಲೆಕ್ಕ ಅಂದರೆ ಇಷ್ಟ. ಪರೀಕ್ಷೆ ಪಾಸಾಗಿ ಬಂದದ್ದೇ ಅದರಿಂದ. ಆದ್ದರಿಂದ ಲೆಕ್ಕದ ದಾರಿಯಲ್ಲೇ ಕಣ್ಣು ತೆರೆಸುತ್ತೇನೆ. ಸ್ಲೈಡಿನ ಬದಲು ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಲೆನ್ಸಿನ ಕೆಳಗಿಟ್ಟು, ನೂರು ಪಟ್ಟು ದೊಡ್ಡದಾಗಿ ಕಾಣುವಾಗ ಎಷ್ಟು ಅಗಲ ಕಾಣುತ್ತದೆ ನೋಡಿ ಅನ್ನುತ್ತೇನೆ. ನಮ್ಮ ಮೈಕ್ರೋಸ್ಕೋಪುಗಳಲ್ಲಿ ಎರಡು ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಆಮೇಲೆ ಈರುಳ್ಳಿ ಪೊರೆ ಇಟ್ಟು, ಅಷ್ಟು ಅಗಲದಲ್ಲಿ ಉದ್ದಕ್ಕೆ ಎಷ್ಟು ಕೋಶ ಹಿಡಿಸಿದೆ ಎಣಿಸಿ. ಆರು ಬಂದರೆ ಒಂದು ಕೋಶ ಸುಮಾರು 0.3 ಮಿ.ಮೀ. ಒಬ್ಬರಿಗೆ ಐದು, ಒಬ್ಬರಿಗೆ ಎಂಟು. ಯಾರದ್ದು ಸರಿ ಅಂತ ಜಗಳ ಶುರುವಾಗುತ್ತದೆ. ಅವರೇ ಒಬ್ಬರ ಮೈಕ್ರೋಸ್ಕೋಪು ಇನ್ನೊಬ್ಬರು ನೋಡುತ್ತಾರೆ. ಒಳಪದರದ ಈರುಳ್ಳಿ ತಗೊಂಡವರಿಗೂ ಹೊರಪದರದ್ದು ತಗೊಂಡವರಿಗೂ ಲೆಕ್ಕ ಬೇರೆ ಬಂದಿದೆಯಾ ಅಂತ ಯಾರಾದರೂ ಕೇಳಿದರೆ ಅವತ್ತಿನ ಪಾಠ ಆಯಿತು. ಆಮೇಲೆ ನಾನು ಸುಮ್ನೆ ಕೂತರೂ ನಡೆಯುತ್ತದೆ.

ಒಂಬತ್ತನೇ ಕ್ಲಾಸಿನಲ್ಲಿ ಇನ್ನೊಂದು ವಿಶೇಷ. ನವೋದಯದಲ್ಲಿ ಆ ವರ್ಷ ಶೇಕಡಾ 30ರಷ್ಟು ಮಕ್ಕಳು ಅದಲುಬದಲು ಆಗುತ್ತಾರೆ. ನಮ್ಮವರು ಹಿಂದಿ ಸೀಮೆಗೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ವಿಜ್ಞಾನ, ಗಣಿತ ಇಂಗ್ಲಿಷಿಗೆ ತಿರುಗಿ ಇನ್ನೂ ಹೆಚ್ಚು ದಿನ ಆಗಿರುವುದಿಲ್ಲ. ಕನ್ನಡದಲ್ಲಿ ಪಟಪಟ ಹೇಳುತ್ತಿದ್ದವರ ಬಾಯಿ ಕಟ್ಟಿದ ಹಾಗಾಗಿರುತ್ತದೆ. ನಾನು ಒಂದು ಮೈಕ್ರೋಸ್ಕೋಪಿಗೆ ಇಲ್ಲಿಯವರು ಒಬ್ಬರು, ಅಲ್ಲಿಯವರು ಒಬ್ಬರು ಅಂತ ಕೂರಿಸುತ್ತೇನೆ. ಬೆರಳು ತೋರಿಸಿ, ಚಿತ್ರ ಬರೆದು, ಹರಕುಮುರುಕು ಹಿಂದಿ ಇಂಗ್ಲಿಷಿನಲ್ಲಿ ಹೇಗೋ ಒಪ್ಪಿಸುತ್ತಾರೆ. ಬಾಯಿಪಾಠದ ವಾಕ್ಯ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹೇಳುವುದು ಯಾವ ಭಾಷೆಯಲ್ಲಾದರೂ ಸರಿ, ಬರೆಯುವುದು ಮಾತ್ರ ಇಂಗ್ಲಿಷಿನಲ್ಲಿ. ಈ ಏರ್ಪಾಟು ನನಗೆ ಹಿಡಿಸಿದೆ.

ಹತ್ತನೇ ಕ್ಲಾಸಿನ ಅನುವಂಶೀಯತೆಯ ಪಾಠಕ್ಕೆ ಬರುತ್ತೇನೆ. ಮೆಂಡೆಲ್‌ನ ಬಟಾಣಿ, 3:1. ಬೇರೆ ಬೇರೆ ಲಕ್ಷಣದ ಗಿಡ ಬೆರೆಸಿದರೆ ಎರಡನೇ ಪೀಳಿಗೆಯಲ್ಲಿ ಮೂರು ಗಿಡ ಒಂದು ಥರ, ಒಂದು ಗಿಡ ಇನ್ನೊಂದು ಥರ. ಎಲ್ಲರಿಗೂ ಗೊತ್ತು. ನಾನು ಪ್ರತಿ ಗುಂಪಿಗೂ ಎರಡು ಚೀಲ ಕೊಡುತ್ತೇನೆ. ಎರಡರಲ್ಲೂ ಕೆಂಪು ಅಲಸಂದೆ, ಬಿಳಿ ಅಲಸಂದೆ ಸಮಸಮ. ಕಣ್ಣು ಮುಚ್ಚಿ ಒಂದೊಂದು ಚೀಲದಿಂದ ಒಂದೊಂದು ಕಾಳು ತೆಗೆಯಬೇಕು. ಒಂದಾದರೂ ಕೆಂಪಿದ್ದರೆ ಆ "ಗಿಡ" ಕೆಂಪು, ಎರಡೂ ಬಿಳಿ ಇದ್ದರೆ ಮಾತ್ರ ಬಿಳಿ. ಕಾಳು ವಾಪಸ್ ಹಾಕಿ, ಕಲಕಿ, ಮತ್ತೆ ತೆಗೆಯಬೇಕು. ಹೀಗೆ ನೂರು ಸಲ.

ಒಂದು ವರ್ಷ ಮುಕ್ಕಾಲು ಕ್ಲಾಸಿಗೆ ಸರಿಯಾಗಿ 75 ಕೆಂಪು, 25 ಬಿಳಿ ಬಂತು. ನಗು ತಡೆದುಕೊಂಡು ಬೋರ್ಡಿನ ಮೇಲೆ ಎಲ್ಲರ ಸಂಖ್ಯೆ ಬರೆದೆ. "ಹತ್ತು ಗುಂಪು ಮಾಡಿದರೆ ಸರಿಯಾಗಿ 75 ಒಂದು ಗುಂಪಿಗೆ ಬಂದರೆ ಹೆಚ್ಚು. ನಿಮಗೆಲ್ಲ ಬಂದಿದೆ. ಯಾವ ಅಂಗಡಿ ಅಲಸಂದೆ ಇದು?" ಅಂದೆ. ತಲೆ ತಗ್ಗಿಸಿದರು. ಗೀಟು ಹಾಕಿದ ರಫ್ ಹಾಳೆ ತರಿಸಿದೆ. 69 ಇತ್ತು, 72 ಇತ್ತು, 81 ಇತ್ತು. 81 ಬಂದ ಹುಡುಗಿ "ನಮ್ದು ತಪ್ಪು ಬಂತು ಮೇಡಂ, ಅದಕ್ಕೆ ಸರಿ ಮಾಡಿದ್ವಿ" ಅಂದಳು. ಮೋಸ ಮಾಡುವ ಮನಸ್ಸಲ್ಲ ಅವಳದ್ದು. ಉತ್ತರ ಮೊದಲೇ ಗೊತ್ತಿರುವವಳಿಗೆ, ಬಂದ ಸಂಖ್ಯೆ ಕೈತಪ್ಪಿನಂತೆ ಕಾಣುತ್ತದೆ.

ಆಗ ಮೆಂಡೆಲ್‌ನ ನಿಜವಾದ ಸಂಖ್ಯೆ ಬೋರ್ಡಿಗೆ ಹಾಕಿದೆ. ದುಂಡು ಬೀಜ 5474, ಸುಕ್ಕು ಬೀಜ 1850. ಭಾಗಿಸಿ ನೋಡಿ ಅಂದೆ. 2.96. ಎತ್ತರದ ಗಿಡ 787, ಗಿಡ್ಡ 277. 2.84. "ಅವನಿಗೂ ಸರಿಯಾಗಿ ಮೂರು ಬಂದಿಲ್ವಾ?" ಅನ್ನುವ ಸಮಾಧಾನ ಒಂದು ಕಡೆ, "ಹಾಗಾದ್ರೆ ಮೂರು ಅಂತ ಹೇಗೆ ಹೇಳಿದ?" ಅನ್ನುವ ಪ್ರಶ್ನೆ ಇನ್ನೊಂದು ಕಡೆ. ಆ ಎರಡನೇ ಪ್ರಶ್ನೆಗೋಸ್ಕರವೇ ನಾನು ಅಲಸಂದೆ ಕೊಂಡು ತರುವುದು. ಎಲ್ಲ ಗುಂಪಿನ ರಫ್ ಹಾಳೆ ಕೂಡಿಸಿದೆವು. ಸಂಖ್ಯೆ ದೊಡ್ಡದಾದಷ್ಟೂ ಮೂರರ ಹತ್ತಿರ ಸರಿಯಿತು. ಅವತ್ತಿನಿಂದ ರಫ್ ಹಾಳೆಗೇ ಅಂಕ. ನೀಟಾಗಿ ನಕಲು ಮಾಡಿದ್ದಕ್ಕೆ ಇಲ್ಲ.

ಎಡ ಕಾಲಮ್ಮಿನ ಬೆಲೆ ನನಗಿಂತ ಚೆನ್ನಾಗಿ ಕ್ಲಾಸಿಗೆ ಹೇಳಿಕೊಟ್ಟವನು ರೇಷ್ಮೆ ಬೆಳೆಗಾರರ ಮನೆಯ ಒಬ್ಬ ಹುಡುಗ. ಪರೀಕ್ಷೆಯಲ್ಲಿ ನಡುವಿನ ಸಾಲಿನವನು, ಮಾತು ಕಡಿಮೆ. ಕೀಟಗಳ ಪೊರೆ ಕಳಚುವಿಕೆ ಪಾಠ ನಡೆದಿತ್ತು. ಹುಳು ಯಾವಾಗ ಪೊರೆ ಬಿಡುತ್ತೆ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. ಮುಂದಿನ ಬೆಂಚಿನವರು ಹಾರ್ಮೋನಿನ ಹೆಸರು ಹೇಳಿದರು. ಇವನು ಹಿಂದಿನಿಂದ ಮೆಲ್ಲಗೆ ಅಂದ: "ಜ್ವರಕ್ಕೆ ಕೂತ್ರೆ ತಲೆ ಎತ್ತಿಕೊಂಡು ಇರ್ತವೆ ಮೇಡಂ. ಸೊಪ್ಪು ತಿನ್ನಲ್ಲ."

ರೇಷ್ಮೆ ಬೆಳೆಗಾರರು ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಎದ್ದು ಬಂದು ಹೇಳಪ್ಪ ಅಂದೆ. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಜ್ವರ. ಜ್ವರಕ್ಕೆ ಕೂತಾಗ ಸೊಪ್ಪು ಹಾಕುವುದು ನಿಲ್ಲಿಸಿ ಸುಣ್ಣದ ಪುಡಿ ಉದುರಿಸುತ್ತಾರೆ, ಹಾಸಿಗೆ ಒಣಗಿರಲಿ ಅಂತ. ಹೆಚ್ಚುಕಡಿಮೆ ಎಲ್ಲ ಹುಳುವೂ ಎದ್ದ ಮೇಲೇ ಮತ್ತೆ ಸೊಪ್ಪು. ಮೊದಲೇ ಎದ್ದವಕ್ಕೆ ಹಾಕಿಬಿಟ್ಟರೆ ಒಂದು ದೊಡ್ಡದು ಒಂದು ಚಿಕ್ಕದಾಗಿ, ಗೂಡು ಕಟ್ಟಲು ಹಣ್ಣಾಗುವಾಗ ಹಿಂದುಮುಂದಾಗುತ್ತವೆ, ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದು ಕಷ್ಟ. ಇಷ್ಟು ಹೇಳಿದ. ಮುಂದಿನ ಬೆಂಚಿನ ಹುಡುಗಿ, "ಮೊದಲನೇ ಜ್ವರದಲ್ಲಿ ಎಷ್ಟು ಹೊತ್ತು ಕೂರ್ತವೆ?" ಅಂತ ಕೇಳಿದಳು. "ಅದು ನಾನು ನೋಡಿಲ್ಲ. ನಾವು ಎರಡು ಜ್ವರ ಆದ ಚಾಕಿ ಹುಳು ತರೋದು" ಅಂದ.

ನೋಡಿಲ್ಲ ಅಂತ ತಾನಾಗಿ ಹೇಳಿದ್ದನ್ನು ಆ ಕ್ಲಾಸಿನಲ್ಲಿ ಅದಕ್ಕೆ ಮುಂಚೆ ಕೇಳಿರಲಿಲ್ಲ. ನೋಟ್‌ಬುಕ್ಕಿಗೆ ಮೂರನೇ ಕಾಲಮ್ಮು ಬಂದದ್ದು ಆಮೇಲೆ: ಗೊತ್ತಿಲ್ಲ. ಪ್ರತಿ ಪ್ರಯೋಗಕ್ಕೂ ಅಲ್ಲಿ ಒಂದಾದರೂ ಸಾಲು ಇರಲೇಬೇಕು. ಖಾಲಿ ಬಿಡುವ ಹಾಗಿಲ್ಲ.

ವಸತಿ ಶಾಲೆಯ ದೊಡ್ಡ ಲಾಭ ಅಂದರೆ ಸಂಜೆ ಮತ್ತು ರಾತ್ರಿ. ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಸ್ಟಡಿ ಅವರಿನಲ್ಲಿ ಟ್ಯೂಬ್‌ಲೈಟಿನ ಕೆಳಗೆಲ್ಲ ಈಚಲು ಹುಳು, ಅಂದರೆ ರೆಕ್ಕೆ ಬಂದ ಗೆದ್ದಲು. ಓದು ನಡೆಯುವುದಿಲ್ಲ, ಗೊತ್ತೇ ಇದೆ. ಲೈಟು ಆರಿಸಿ ಓಡಿಸುವ ಬದಲು ಪೇಪರ್ ಹಾಸಿ ಹಿಡಿಯಿರಿ ಅನ್ನುತ್ತೇನೆ. ರೆಕ್ಕೆ ಬಂದ ಇರುವೆಯ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಾನೇ ಕಾಣುತ್ತದೆ. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಉದ್ದ, ಇರುವೆಗೆ ಮುಂದಿನ ಜೋಡಿ ದೊಡ್ಡದು. ಗೆದ್ದಲಿನ ಮೀಸೆ ನೇರ, ಇರುವೆಯದ್ದು ಮೊಣಕೈಯಂತೆ ಬಾಗಿದೆ. ಇರುವೆಗೆ ಸೊಂಟ ಸಣ್ಣ, ಗೆದ್ದಲಿಗೆ ಸೊಂಟವೇ ಇಲ್ಲ. ಗೆದ್ದಲಿನ ಹತ್ತಿರದ ನೆಂಟ ಇರುವೆಯಲ್ಲ, ಜಿರಳೆ ಅಂದಾಗ ಅಡುಗೆಮನೆ ಕಡೆ ನೋಡಿ ಮುಖ ಹಿಂಡುತ್ತಾರೆ. "ನಮ್ಮ ಅಜ್ಜಿ ಇದನ್ನ ಹುರಿದು ಕೊಡ್ತಾರೆ" ಅಂತ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಮತ್ತೊಂದು ಕಿರುಚಾಟ.

ವಿಕಾಸದ ಮಾತು ಅಲ್ಲೇ ತೆಗೆಯುತ್ತೇನೆ. 2023ರ ಎನ್‌ಸಿಇಆರ್‌ಟಿ ಪುಸ್ತಕದಿಂದ ಹತ್ತನೇ ಕ್ಲಾಸಿನ ವಿಕಾಸದ ಭಾಗ ಹೋಯಿತು, ಅನುವಂಶೀಯತೆ ಮಾತ್ರ ಉಳಿಯಿತು. ಹನ್ನೊಂದರಲ್ಲಿ ಜೀವಶಾಸ್ತ್ರ ತಗೊಳ್ಳದ ಮಗು ಆ ಪಾಠವನ್ನು ಪುಸ್ತಕದಲ್ಲಿ ಎಂದೂ ನೋಡುವುದಿಲ್ಲ. ಇದು ಸರಿಯಿಲ್ಲ ಅಂತಲೇ ನನ್ನ ಅಭಿಪ್ರಾಯ. ಗೆದ್ದಲು, ಇರುವೆ, ಜಿರಳೆ ಮೂರನ್ನೂ ಪೇಪರ್ ಮೇಲೆ ಇಟ್ಟುಕೊಂಡು ಅರ್ಧ ಗಂಟೆ ಮಾತಾಡಲು ಯಾವ ಸಿಲೆಬಸ್ಸಿನ ಅಡ್ಡಿಯೂ ಇಲ್ಲ.

ಇನ್ನು ನೀಟ್. ಹನ್ನೊಂದಕ್ಕೆ ಬಂದ ಕೂಡಲೇ ಎಲ್ಲ ಅದರ ಸುತ್ತಲೇ. 720 ಅಂಕದಲ್ಲಿ 360 ನನ್ನ ವಿಷಯದ್ದು. ಹಾಗಾಗಿ ಫಿಸಿಕ್ಸ್‌ನವರಿಗಿಂತ ನನ್ನ ಮೇಲೇ ಕಣ್ಣು ಜಾಸ್ತಿ. ಎನ್‌ಸಿಇಆರ್‌ಟಿ ಸಾಲುಸಾಲು ಓದಿಸುತ್ತೇನೆ, ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತೇನೆ, ಭಾನುವಾರ ಟೆಸ್ಟ್ ಇಡುತ್ತೇನೆ. ಬಡವರ ಮನೆ ಮಗುವಿಗೆ ಡಾಕ್ಟರ್ ಸೀಟು ಅಂದರೆ ಏನು ಅಂತ ಗೊತ್ತಿದ್ದೂ ಅದನ್ನು ಕೀಳಾಗಿ ಮಾತಾಡುವ ಶೋಕಿ ನನಗಿಲ್ಲ. ಈ ಪರೀಕ್ಷೆ ಲ್ಯಾಬಿನ ಸಮಯ ತಿನ್ನುವುದು ಮಾತ್ರ ನೋಡಿ ಸಹಿಸಲಾಗುವುದಿಲ್ಲ. ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡಬೇಕಾದರೆ ಬೆಳಗ್ಗೆಯೇ ಬೇರು ಕತ್ತರಿಸಿ ದ್ರಾವಣದಲ್ಲಿ ಇಡಬೇಕು, ಮಾರನೇ ದಿನ ಬಣ್ಣ ಹಾಕಿ ಜಜ್ಜಿ ನೋಡಬೇಕು. ಆಗಲೂ ಕಾಣುವುದರಲ್ಲಿ ಹೆಚ್ಚಿನ ಕೋಶಗಳು ವಿಭಜನೆಯಾಗದೆ ಸುಮ್ಮನಿರುವಂಥವು. ವಿಭಜನೆಯ ಒಂದು ಹಂತವಾದ ಆನಾಫೇಸ್ ಸಿಗಬೇಕಾದರೆ ಸ್ಲೈಡೆಲ್ಲ ಹುಡುಕಬೇಕು. ಮೊಬೈಲಿನಲ್ಲಿ ಬಣ್ಣದ ವಿಡಿಯೋ ಇರುವಾಗ ಇದ್ಯಾಕೆ ಅಂತ ಮಕ್ಕಳೂ ಕೇಳುತ್ತಾರೆ, ಅಪ್ಪ ಅಮ್ಮಂದಿರೂ ಕೇಳುತ್ತಾರೆ.

ಅವರಿಗೆ ಅವರ ಭಾಷೆಯಲ್ಲೇ ಉತ್ತರ ಕೊಡುತ್ತೇನೆ. ನೀಟ್‌ನಲ್ಲಿ ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಳೆಯುತ್ತಾರೆ, ಬಿಟ್ಟರೆ ಏನೂ ಹೋಗುವುದಿಲ್ಲ. ಯಾವುದು ನಿಜವಾಗಿ ಗೊತ್ತು, ಯಾವುದು ಗೊತ್ತಿದೆ ಅನ್ನಿಸುತ್ತಿದೆ ಅಂತ ಬೇರೆ ಮಾಡಲು ಬಾರದವರು ಅಲ್ಲೂ ಅಂಕ ಕಳೆದುಕೊಳ್ಳುತ್ತಾರೆ. ಮೂರನೇ ಕಾಲಮ್ಮು ಬರೆದು ಅಭ್ಯಾಸ ಇರುವವರು ಟೆಸ್ಟಿನಲ್ಲಿ ಸುಮ್ಮನೆ ಊಹೆಯ ಮೇಲೆ ಉತ್ತರ ಹಾಕುವುದು ಕಡಿಮೆ. ಇದನ್ನು ಹೇಳಿದ ಮೇಲೆ ಎರಡು ಪೀರಿಯಡ್ ಒಟ್ಟಿಗೆ ಲ್ಯಾಬಿಗೆ ಕೊಡಿ ಅಂತ ಟೈಮ್‌ಟೇಬಲ್ ಮಾಡುವವರನ್ನು ಒಪ್ಪಿಸುವುದು ಸುಲಭವಾಯಿತು. ಈ ವರ್ಷ ಗುರುವಾರ ಸಿಕ್ಕಿದೆ, ಊಟಕ್ಕೆ ಮುಂಚಿನ ಎರಡು ಪೀರಿಯಡ್. ಬುಧವಾರ ಬೆಳಗ್ಗೆ ಪಿಟಿ ಮುಗಿದ ಕೂಡಲೇ ಇಬ್ಬರು ಬಂದು ಬೇರು ಕತ್ತರಿಸಿಟ್ಟು ಹೋಗಬೇಕು. ಸರದಿ ಪಟ್ಟಿ ಲ್ಯಾಬಿನ ಬಾಗಿಲಿಗೆ ಅಂಟಿಸಿದ್ದೇನೆ.