ಟರ್ಮಿನಲ್‌ನಿಂದಲೇ ಸಿಡಿ ಬರೆಯಿರಿ, ಬರೆದದ್ದನ್ನು ಪರೀಕ್ಷಿಸಿ

ಐಎಸ್‌ಒ ಫೈಲನ್ನು ಸಿಡಿಗೆ ಬರೆಯುವಾಗ ಜಾಸ್ತಿ ಜನ ಎಡವುವುದು ಒಂದೇ ಕಡೆ. ಫೈಲನ್ನು ಸುಮ್ನೆ ಎಳೆದು ಸಿಡಿಗೆ ಹಾಕಿಬಿಡುತ್ತಾರೆ. ಆಗ ಸಿಡಿಯೊಳಗೆ ಒಂದು ದೊಡ್ಡ ಫೈಲ್ ಕೂತಿರುತ್ತದೆ ಅಷ್ಟೇ, ಅದರಿಂದ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಐಎಸ್‌ಒ ಅಂದರೆ ಇಡೀ ಡಿಸ್ಕ್‌ನ ಪಡಿಯಚ್ಚು. ಅದು ಮೊದಲ ಸೆಕ್ಟರ್‌ನಿಂದ (ಸೆಕ್ಟರ್ ಅಂದರೆ ಡಿಸ್ಕ್‌ನ ಒಂದು ಸಣ್ಣ ತುಂಡು) ಕೊನೆಯದರವರೆಗೆ ಇದ್ದ ಹಾಗೇ ಇಳಿಯಬೇಕು. ಲಿನಕ್ಸ್‌ನಲ್ಲಿ ಇದಕ್ಕೆ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ಸಾಕು.

ಇಲ್ಲಿ ಕಮಾಂಡ್‌ಗಳನ್ನು ಓದುವ ಹಾಗೆ ಬರೆದಿದೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್‌ನ ಸಣ್ಣಕ್ಷರ.

ಮೊದಲು ಫೈಲ್ ಸರಿಯಿದೆಯಾ ನೋಡಿ. ‘ಎಸ್‌ಎಚ್‌ಎ256ಸಮ್’ ಎಂದು ಕೊಟ್ಟು, ಮುಂದೆ ಫೈಲಿನ ಹೆಸರು ಬರೆಯಿರಿ. ಬರುವ 64 ಅಕ್ಷರಗಳ ಸಾಲು ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವುದಕ್ಕೆ ಪೂರ್ತಿ ಹೊಂದಬೇಕು. ಒಂದಕ್ಷರ ಬೇರೆಯಿದ್ದರೂ ಫೈಲನ್ನು ಮತ್ತೆ ಇಳಿಸಿಕೊಳ್ಳಿ. ಗಾತ್ರವನ್ನೂ ಗಮನಿಸಿ. 80 ನಿಮಿಷದ ಸಿಡಿಯಲ್ಲಿ ಹಿಡಿಯುವುದು ಸುಮಾರು 700 ಎಂಬಿ. ಅದಕ್ಕಿಂತ ದೊಡ್ಡದಾದರೆ ಡಿವಿಡಿ ಬೇಕು.

ಬರೆಯುವ ಸಾಧನ ‘ವೊಡಿಮ್’ (wodim). 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಬಳಗ ‘ಸಿಡಿರೆಕಾರ್ಡ್’ ಎಂಬ ಹಳೆಯ ಪ್ರೋಗ್ರಾಂನಿಂದ ಕವಲೊಡೆಸಿದ್ದು. ಅದು ಸಿಗದಿದ್ದರೆ ‘ಸಿಡಿಆರ್‌ಸ್ಕಿನ್’ (cdrskin) ಹಾಕಿಕೊಳ್ಳಿ, ಇಲ್ಲಿ ಹೇಳುವ ಆಯ್ಕೆಗಳನ್ನು ಅದೂ ಒಪ್ಪುತ್ತದೆ. ಒಂದೇ ಡ್ರೈವ್ ಇದ್ದರೆ ಅದರ ವಿಳಾಸ ಸಾಮಾನ್ಯವಾಗಿ /ಡೆವ್/ಎಸ್‌ಆರ್0. ಖಾಲಿ ಸಿಡಿ ಹಾಕಿ, ಹೀಗೆ ಕೊಡಿ:

ವೊಡಿಮ್ -ವಿ ಡೆವ್=/ಡೆವ್/ಎಸ್‌ಆರ್0 ಸ್ಪೀಡ್=8 -ಡಿಎಒ ಚಿತ್ರ.ಐಎಸ್‌ಒ

ಚಿತ್ರ ಅನ್ನುವಲ್ಲಿ ನಿಮ್ಮ ಫೈಲಿನ ಹೆಸರಿರಲಿ. ಧೈರ್ಯ ಸಾಲದಿದ್ದರೆ ಜೊತೆಗೆ ‘-ಡಮ್ಮಿ’ ಸೇರಿಸಿ. ಲೇಸರ್ ಆಫ್ ಮಾಡಿಟ್ಟು ಬರೆದ ಹಾಗೆ ತಾಲೀಮು ನಡೆಯುತ್ತದೆ, ಸಿಡಿ ಖಾಲಿಯಾಗೇ ಉಳಿಯುತ್ತದೆ. ‘-ಡಿಎಒ’ ಮಾತ್ರ ಬಿಡಬೇಡಿ, ಇಡೀ ಡಿಸ್ಕನ್ನು ಒಂದೇ ಸಲಕ್ಕೆ ಬರೆಯುವ ಆಯ್ಕೆ ಅದು. ಅದಿಲ್ಲದೆ ಟ್ರ್ಯಾಕ್ ಲೆಕ್ಕದಲ್ಲಿ ಬರೆದರೆ ಕೊನೆಯಲ್ಲಿ ಓದಲು ಬಾರದ ಎರಡು ಸೆಕ್ಟರ್ ಸೇರಿಕೊಳ್ಳುತ್ತವೆ. ಡೇಟಾ ಚೆನ್ನಾಗಿದ್ದರೂ ಲಿನಕ್ಸ್ ಮುಂದಕ್ಕೆ ಓದಲು ಹೋಗಿ ಎರರ್ ತೋರಿಸುತ್ತದೆ.

ಬರೆದು ಮುಗಿಯಿತು ಅಂತ ಸಿಡಿಯನ್ನು ಹಾಗೇ ಎತ್ತಿಡಬೇಡಿ. ಬರ್ನರ್ ಎರರ್ ಕೊಡಲಿಲ್ಲ ಅಂದಮಾತ್ರಕ್ಕೆ ಸಿಡಿ ಓದಲು ಬರುತ್ತದೆ ಅಂತಲ್ಲ. ಈ ಪರೀಕ್ಷೆಯನ್ನು ಯಾರೂ ಬಿಡಬಾರದು. ಸಿಡಿಯನ್ನು ಒಮ್ಮೆ ಹೊರತೆಗೆದು ಮತ್ತೆ ಹಾಕಿ, ಡ್ರೈವ್ ಅದನ್ನು ಹೊಸದಾಗಿ ಗುರುತಿಸಲಿ. ಈಗ ಫೈಲಿನ ಗಾತ್ರವನ್ನು 2048ರಿಂದ ಭಾಗಿಸಿ. ಒಂದು ಸೆಕ್ಟರ್‌ನಲ್ಲಿರುವ ಡೇಟಾ ಅಷ್ಟು ಬೈಟ್. ಫೈಲ್ 68,15,74,400 ಬೈಟ್ ಇದ್ದರೆ ಉತ್ತರ 3,32,800. ಅದನ್ನು ಅಲ್ಪವಿರಾಮ ಇಲ್ಲದೆ ಬರೆಯಿರಿ:

ಡಿಡಿ ಇಫ್=/ಡೆವ್/ಎಸ್‌ಆರ್0 ಬಿಎಸ್=2048 ಕೌಂಟ್=332800 | ಎಸ್‌ಎಚ್‌ಎ256ಸಮ್

ಕೌಂಟ್ ಕೊಡುವುದಕ್ಕೆ ಕಾರಣವಿದೆ. ಕೊನೆಯಲ್ಲಿ ತುಂಬಿಕೊಂಡ ಖಾಲಿ ಸೆಕ್ಟರ್‌ಗಳೂ ಲೆಕ್ಕಕ್ಕೆ ಬಂದರೆ ಒಳ್ಳೆಯ ಸಿಡಿಯೂ ಕೆಟ್ಟದ್ದಾಗಿ ಕಾಣುತ್ತದೆ, ಅಲ್ವಾ? ಮೊದಲು ಬಂದ 64 ಅಕ್ಷರಗಳೇ ಈಗಲೂ ಬಂದರೆ ಸಿಡಿ ಸರಿಯಾಗಿದೆ. ಬರದಿದ್ದರೆ ಬೇರೆ ಸಿಡಿ ಹಾಕಿ, ವೇಗ ಬದಲಿಸಿ ಬರೆಯಿರಿ. ಸಿಡಿ-ಆರ್‌ಡಬ್ಲ್ಯು ಆದರೆ ವೊಡಿಮ್‌ಗೆ ‘ಬ್ಲ್ಯಾಂಕ್=ಫಾಸ್ಟ್’ ಕೊಟ್ಟು ಅಳಿಸಿ, ಅದರಲ್ಲೇ ಮತ್ತೆ ಬರೆಯಬಹುದು.