ಖಿನ್ನತೆಯ ಪ್ರಶ್ನಾವಳಿ: ತುಂಬುವ ಮೊದಲು ಕ್ಯಾಲೆಂಡರ್ ನೋಡಿ

ಖಿನ್ನತೆ ಇದೆಯೇ ಎಂದು ತಿಳಿಯಲು ವೈದ್ಯರು ಕೊಡುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಒಂದೇ ಪುಟದ್ದು. 2001ರಿಂದ ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ. ಕಾಸರಗೋಡಿನ ಆಸ್ಪತ್ರೆಯಲ್ಲಿ ಮಲಯಾಳದ ಹಾಳೆ ಕೈಗೆ ಬಂದರೆ ಕನ್ನಡದ್ದನ್ನೇ ಕೇಳಿ. ಪಕ್ಕದವರು ನಿಂತಲ್ಲೇ ಅನುವಾದಿಸಿ ಹೇಳುವುದು ಬೇಡ. ಮಲಯಾಳದ 'ಸಂಕಟಂ' ಮನಸ್ಸಿನ ದುಃಖ. ಕನ್ನಡದ ಸಂಕಟ ಹೊಟ್ಟೆಯದ್ದೋ ಎದೆಯದ್ದೋ ಆಗಿಬಿಡುತ್ತದೆ. 'ಉದಾಸೀನ' ಎಂದರೆ ಪುಸ್ತಕದ ಭಾಷೆಯಲ್ಲಿ ನಿರಾಸಕ್ತಿ, ಕುಂಬಳೆ, ಬದಿಯಡ್ಕದ ಮನೆಗಳಲ್ಲಿ ಸೋಮಾರಿತನ. ಬೆಳಗಿನಿಂದ ದುಡಿಯುವ ಹೆಂಗಸು ಅದನ್ನು ಕೇಳಿದೊಡನೆ 'ಇಲ್ಲವೇ ಇಲ್ಲ' ಎಂದು ಗುರುತು ಹಾಕುತ್ತಾಳೆ, ಕಾಯಿಲೆ ಅಲ್ಲೇ ತಪ್ಪಿಹೋಗುತ್ತದೆ. ಓದಲು ಬಾರದವರಿಗೆ ಪ್ರಶ್ನೆಯನ್ನು ಇದ್ದಂತೆಯೇ ಎರಡು ಸಲ ಓದಿಹೇಳಿ. ತುಳುವಿನಲ್ಲಿ ಬಿಡಿಸಿ ಹೇಳಲೇಬೇಕಾದರೆ ಬಳಸಿದ ಮಾತನ್ನು ಅಂಚಿನಲ್ಲಿ ಬರೆದಿಡಿ.

ಪ್ರಶ್ನೆಗಳು ಒಂಬತ್ತು, ಎಲ್ಲವೂ ಕಳೆದ ಎರಡು ವಾರದ್ದು ಮಾತ್ರ. ಕ್ಯಾಲೆಂಡರಿನಲ್ಲಿ 14 ದಿನ ಹಿಂದಕ್ಕೆ ಎಣಿಸಿ, ಅಂದು ಮನೆಯಲ್ಲಿ ಏನಿತ್ತೆಂದು ನೆನಪಿಸಿಕೊಳ್ಳಿ. ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಬಹುತೇಕ ಪ್ರತಿದಿನ 3. ಕೇಳುತ್ತಿರುವುದು ಎಷ್ಟು ದಿನ ಎಂದು. ಎಷ್ಟು ಜೋರು ಎಂದಲ್ಲ. ದಣಿವಿನ ಪ್ರಶ್ನೆಗೆ 'ಅಡಕೆ ಕೊಯ್ಲಿನ ದಣಿವು ಇದು' ಎಂದು ನೀವೇ ಅಂಕ ಇಳಿಸಬೇಡಿ. ದಣಿವು ಥೈರಾಯ್ಡಿನದೋ ರಕ್ತಹೀನತೆಯದೋ ಎಂದು ನೋಡುವುದು ವೈದ್ಯರ ಕೆಲಸ.

ಒಬ್ಬರೇ ಕೂತು ತುಂಬಿ. 567 ಹೇಳಿಕೆಗಳ ಎಂಎಂಪಿಐ-2ರಂಥ ವ್ಯಕ್ತಿತ್ವ ಪರೀಕ್ಷೆಯಲ್ಲಿ ಮುಚ್ಚಿಟ್ಟದ್ದನ್ನು ಗುರುತಿಸುವ ಮಾಪಕಗಳಿವೆ. ಈ ಹಾಳೆಯಲ್ಲಿ ಅಂಥದ್ದಿಲ್ಲ, ಗಂಡನೋ ಅತ್ತೆಯೋ ಇಣುಕಿದರೆ ಉತ್ತರ ಬದಲಾದದ್ದು ಯಾರಿಗೂ ತಿಳಿಯದು.

ಒಂಬತ್ತನೆಯದು ಸಾವಿನ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಒಟ್ಟು ಅಂಕ ನಾಲ್ಕೇ ಇರಲಿ, ಇಲ್ಲಿ 1 ಬಿದ್ದರೂ ಅಂದೇ ವೈದ್ಯರಿಗೆ ಹೇಳಬೇಕು. ಹಾಗೆ ಗುರುತು ಹಾಕಿದವರನ್ನು ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿ, ಮಾತ್ರೆಗಳನ್ನು ಬೀಗದೊಳಗಿಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ರಾತ್ರಿಯೂ ಸಿಗುತ್ತದೆ.

ಗರಿಷ್ಠ ಅಂಕ 27. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ಮಧ್ಯಮಕ್ಕೂ ಮೀರಿದ್ದು, 20ರಿಂದ ತೀವ್ರ. 10 ಮುಟ್ಟಿದರೆ ವೈದ್ಯರು ಕೂರಿಸಿ ಮಾತಾಡಿಸಬೇಕು, ಅಂಕವೊಂದೇ ರೋಗನಿರ್ಣಯವಲ್ಲ. ಕೊನೆಗೆ, ಈ ಒಂಬತ್ತರ ಹೊರಗೆ, ಕೆಲಸಕ್ಕೆ ಎಷ್ಟು ತೊಂದರೆಯಾಗಿದೆ ಎಂಬ ಪ್ರಶ್ನೆಯಿದೆ; ಅದನ್ನು ಒಟ್ಟು ಅಂಕಕ್ಕೆ ಕೂಡಿಸಬಾರದು, ಉತ್ತರಿಸದೆ ಬಿಡಲೂಬಾರದು.

ಹಾಳೆಯನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿ. ಚಿಕಿತ್ಸೆ ಶುರುವಾದ ಮೇಲೆ ಅದೇ ಭಾಷೆಯ ಹಾಳೆಯಲ್ಲೇ ಮತ್ತೆ ತುಂಬಿ: 5 ಅಂಕ ಇಳಿದಿದ್ದರೆ ಅದು ನಿಜವಾದ ಸುಧಾರಣೆ.