ಇಂಗ್ಲೆಂಡಿಗೆ ಬರೋ ನಮ್ಮ ಹಾಸನ, ಚಿಕ್ಕಮಗಳೂರು ಕಡೆಯೋರಿಗೆ: ಮನೆಗೆ ರೇಡಿಯೇಟರ್ ಆರಿಸೋ ವಿಚಾರ

ರಜಕ್ಕೆ ಹಾಸನಕ್ಕೆ ಬಂದಿದೀನಿ, ಬಂದಾಗಿಂದ ಇದೇ ಪ್ರಶ್ನೆ. ಎಂಸಿಇಲಿ ಇಂಜಿನಿಯರಿಂಗ್ ಮುಗಿಸಿ ಹೊರಡೋಕೆ ರೆಡಿಯಾಗಿರೋ ಹುಡುಗ್ರು, ಹಿಮ್ಸ್‌ನಲ್ಲಿ ಓದಿ ನರ್ಸಿಂಗ್ ಕೆಲಸಕ್ಕೆ ಹೋಗ್ತಿರೋ ಹೆಣ್ಮಕ್ಳು, ಅಲ್ಲಿ ಈಗಷ್ಟೇ ಸ್ವಂತ ಮನೆ ತಗೊಂಡಿರೋರ ಅಪ್ಪ ಅಮ್ಮ, ಎಲ್ರೂ ಕೇಳೋದು ಚಳಿ ಬಗ್ಗೆ, ಹೀಟಿಂಗ್ ಬಿಲ್ ಬಗ್ಗೆ. ಚಿಕ್ಕಮಗಳೂರಿಂದ ಒಬ್ರು ಫೋನ್ ಮಾಡಿ, ಮಗ ಮನೆ ಹಾಲಿಗೆ ಹಾಕ್ಸೋಕೆ ಅಂತ ಒಂದು ರೇಡಿಯೇಟರ್ (ಬಾಯ್ಲರ್‌ನಲ್ಲಿ ಕಾದ ನೀರು ಒಳಗೆ ಓಡಾಡಿ ರೂಮು ಬೆಚ್ಚಗೆ ಮಾಡೋ ಲೋಹದ ಪ್ಯಾನಲ್) ಫೋಟೋ ಕಳ್ಸಿದಾನೆ, ನೋಡೋಕೇನೋ ಚೆನ್ನಾಗೈತೆ, ಆದ್ರೆ ಅದ್ರ ರೇಟಿಗೆ ಇಲ್ಲಿ ಒಂದು ಫ್ರಿಜ್ ಬರುತ್ತೆ, ತಗೊಳ್ಲಾ ಬೇಡ್ವಾ ಅಂದ್ರು. ಒಬ್ಬೊಬ್ರಿಗೂ ಹೇಳೋದಕ್ಕಿಂತ ಒಂದ್ಸಲ ಬರ್ದು ಹಾಕಿಬಿಡೋಣ ಅಂತ.

ನಾವು ಮಲ್ನಾಡೋರು, ಚಳಿ ನಮಗೇನು ಹೊಸದಲ್ಲ, ಮುಳ್ಳಯ್ಯನಗಿರಿ ಮೇಲೆ ಗಾಳಿ ನೋಡಿದೀವಿ ಅಂತ ಧೈರ್ಯವಾಗಿ ಬರ್ತೀರ. ಸರಿ, ಆದ್ರೆ ನಮ್ಮೂರಲ್ಲಿ ಚಳಿ ಬಂದ್ರೆ ಮೈ ಬೆಚ್ಚಗೆ ಇಟ್ಕೊಳ್ತೀವೇ ಹೊರ್ತು ಮನೆ ಅಲ್ಲ, ಸ್ವೆಟರ್ ಹಾಕ್ಕೊಂಡು ಕಂಬಳಿ ಹೊದ್ಕೊಂಡು ಬಚ್ಚಲೊಲೆ ಮುಂದೆ ಕೂತ್ರೆ ಮುಗೀತು. ಅಲ್ಲಿ ಹಂಗೆ ನಡೆಯಲ್ಲ ಕಣ್ರೀ, ಗೋಡೆ ತಣ್ಣಗಿದ್ರೆ ಅಡುಗೆ ಹಬೆ, ಸ್ನಾನದ ಹಬೆ ಎಲ್ಲಾ ಅದಕ್ಕೇ ಹೋಗಿ ಕೂರುತ್ತೆ, ಜನವರಿ ಹೊತ್ತಿಗೆ ವಾರ್ಡ್‌ರೋಬ್ ಹಿಂದೆ ಕಪ್ಪಗೆ ಬೂಷ್ಟು. ಮಳೆಗಾಲದಲ್ಲಿ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿ ಅಭ್ಯಾಸ ಇರೋರು ಅಲ್ಲೂ ರೇಡಿಯೇಟರ್ ಮೇಲೆ ಸಾಲಾಗಿ ಬಟ್ಟೆ ಹರವ್ತಾರೆ. ನಮ್ಮೂರ ಹಂಚಿನ ಮನೇಲಿ ಆ ನೀರಾವಿ ಸಂದಿಲೆಲ್ಲಾ ಹೊರಗೆ ಹೋಗುತ್ತೆ, ಅಲ್ಲಿ ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿರೋದ್ರಿಂದ ಅಷ್ಟೂ ಮನೆ ಒಳಗೇ ಉಳಿಯುತ್ತೆ, ಸಾಲದ್ದಕ್ಕೆ ಬಟ್ಟೆ ಅಡ್ಡ ಬಂದು ರೂಮಿಗೆ ಶಾಖನೂ ಬರಲ್ಲ.

ಈಗ ಮುಖ್ಯ ವಿಷಯ. ಅಂಗಡಿಯವರು ಎಫಿಷಿಯಂಟ್ ರೇಡಿಯೇಟರ್ ಅಂತ ಮಾರ್ತಾರಲ್ಲ, ಬಿಸಿನೀರಿನ ರೇಡಿಯೇಟರ್‌ನಲ್ಲಿ ಹಂಗಂತ ಬೇರೆ ಜಾತಿ ಏನೂ ಇಲ್ಲ. ಬಾಯ್ಲರ್‌ನಿಂದ ಬಂದ ನೀರು ಎಷ್ಟು ಶಾಖ ಬಿಟ್ಟು ಹೋಯ್ತೋ ಅಷ್ಟೂ ರೂಮಿಗೇ ಬಂದಿರುತ್ತೆ, ಕಬ್ಬಿಣದ್ದಾದ್ರೂ ಅಷ್ಟೇ ಸ್ಟೀಲಿಂದಾದ್ರೂ ಅಷ್ಟೇ. ಉಳಿತಾಯ ಆಗೋದು ಎಲ್ಲಿ ಅಂದ್ರೆ ಎಷ್ಟು ಕಮ್ಮಿ ಬಿಸಿ ನೀರಲ್ಲಿ ನಿಮ್ಮ ರೂಮು ಬೆಚ್ಚಗಾಗುತ್ತೆ ಅನ್ನೋದ್ರಲ್ಲಿ. ಈಗಿನ ಗ್ಯಾಸ್ ಬಾಯ್ಲರ್‌ಗಳೆಲ್ಲಾ ಕಂಡೆನ್ಸಿಂಗ್ ಬಾಯ್ಲರ್, ವಾಪಸ್ ಬರೋ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ರೆ ಮಾತ್ರ ಹೊಗೆಯಲ್ಲಿರೋ ನೀರಾವಿಯ ಶಾಖನೂ ಅದು ಹಿಡ್ಕೊಳ್ಳುತ್ತೆ, ಇಲ್ಲಾಂದ್ರೆ ಆ ಶಾಖ ಗೋಡೆ ಹೊರಗಿನ ಪೈಪಲ್ಲಿ ಹೊಗೆ ಜೊತೆ ಹೋಗುತ್ತೆ. ಹಂಗಾಗಿ ದೊಡ್ಡ ರೇಡಿಯೇಟರ್, ಕಮ್ಮಿ ಬಿಸಿ ನೀರು, ಇದೇ ಲೆಕ್ಕ.

ಲೇಬಲ್ ಮೇಲೆ ವ್ಯಾಟ್ ಬರ್ದಿರ್ತಾರೆ, ಕೆಲವು ಕಡೆ ಬಿಟಿಯು ಅನ್ನೋ ಶಾಖದ ಹಳೇ ಅಳತೆ, 1 ವ್ಯಾಟ್ ಅಂದ್ರೆ ಗಂಟೆಗೆ ಸುಮಾರು 3.41 ಬಿಟಿಯು. ಬಿಟಿಯು ನಂಬರ್ ದೊಡ್ದಾಗಿ ಕಾಣುತ್ತೆ ಅಂತ ಅದನ್ನೇ ದಪ್ಪಕ್ಷರದಲ್ಲಿ ಹಾಕಿರ್ತಾರೆ, ಮೋಸ ಹೋಗ್ಬೇಡಿ. ಅದಕ್ಕಿಂತ ಮುಖ್ಯ ಅಂದ್ರೆ ಪಕ್ಕದಲ್ಲಿ ಸಣ್ಣಕ್ಷರದಲ್ಲಿರೋ ಡೆಲ್ಟಾ ಟಿ 50 ಅನ್ನೋದು. ರೇಡಿಯೇಟರ್ ಒಳಗಿನ ನೀರಿನ ಸರಾಸರಿ 70 ಡಿಗ್ರಿ, ರೂಮು 20 ಡಿಗ್ರಿ ಇದ್ದಾಗ ಬರೋ ಶಾಖ ಅಂತ ಅರ್ಥ. ನೀವು ಬಾಯ್ಲರ್‌ನ ಕಮ್ಮಿ ಮಾಡಿ 55 ಡಿಗ್ರಿ ನೀರು ಹೋಗಿ 45 ಡಿಗ್ರಿ ವಾಪಸ್ ಬರೋ ಹಾಗೆ ಇಟ್ರೆ ಡೆಲ್ಟಾ ಟಿ 30 ಆಗುತ್ತೆ, ಆಗ ಅದೇ ರೇಡಿಯೇಟರ್ ಲೇಬಲ್‌ನಲ್ಲಿರೋದ್ರ ಹತ್ರತ್ರ ಅರ್ಧದಷ್ಟೇ ಶಾಖ ಕೊಡೋದು. 2000 ವ್ಯಾಟ್ ಅಂತ ತಗೊಂಡಿದ್ದು 1000 ವ್ಯಾಟ್ ಚಿಲ್ರೆಗೆ ಬಂತು ಅಂತ ಲೆಕ್ಕ ಹಾಕ್ಕೊಂಡೇ ಸೈಜು ಆರಿಸಿ.

ಹಾಗಾದ್ರೆ ನಮ್ಮ ರೂಮಿಗೆ ಎಷ್ಟು ವ್ಯಾಟ್ ಬೇಕು? ವೆಬ್‌ಸೈಟುಗಳಲ್ಲಿ ಉದ್ದ ಅಗಲ ಎತ್ತರ ಹಾಕಿದ್ರೆ ಒಂದು ನಂಬರ್ ಕೊಡುತ್ತೆ, ಅದು ಅಂದಾಜಷ್ಟೇ. ಗೋಡೆ ಯಾವುದು ಅಂತ ಕೇಳದೆ ಹೇಳಿದ ಲೆಕ್ಕಕ್ಕೆ ಅರ್ಥನೇ ಇಲ್ಲ. ಒಂದೇ ಒಂದು ಹೊರಗೋಡೆ ನೋಡಿ, 4 ಮೀಟರ್ ಉದ್ದ 2.4 ಮೀಟರ್ ಎತ್ತರ, ಅದ್ರಲ್ಲಿ 2 ಚದರ ಮೀಟರ್ ಕಿಟಕಿ ಕಳೆದ್ರೆ 7.6 ಚದರ ಮೀಟರ್ ಗೋಡೆ. ಹೊರಗೆ ಮೈನಸ್ 2, ಒಳಗೆ 20, ಅಂದ್ರೆ 22 ಡಿಗ್ರಿ ವ್ಯತ್ಯಾಸ. ಹಳೇ ವಿಕ್ಟೋರಿಯನ್ ಕಾಲದ ಸಾಲು ಮನೆಗಳ ಒಂಟಿ ಇಟ್ಟಿಗೆ ಗೋಡೆಗೆ ಯು ವ್ಯಾಲ್ಯೂ, ಅಂದ್ರೆ 1 ಡಿಗ್ರಿ ವ್ಯತ್ಯಾಸಕ್ಕೆ 1 ಚದರ ಮೀಟರ್‌ನಿಂದ ಹೊರಗೆ ಹೋಗೋ ವ್ಯಾಟ್, ಸುಮಾರು 2.1 ಇರುತ್ತೆ, ಗುಣಿಸಿದ್ರೆ 350 ವ್ಯಾಟ್ ಆ ಗೋಡೆ ಒಂದ್ರಿಂದಲೇ ಹೋಯ್ತು. ಅದೇ ಮಧ್ಯದ ಸಂದಿಗೆ ಶಾಖ ತಡೆಯೋ ಇನ್ಸುಲೇಷನ್ ತುಂಬಿರೋ ಜೋಡಿ ಗೋಡೆ ಆದ್ರೆ ಯು ವ್ಯಾಲ್ಯೂ 0.55 ಆಸುಪಾಸು, ಹೋಗೋದು ಬರೀ 90 ವ್ಯಾಟ್. ರೂಮು ಅಷ್ಟೇ ದೊಡ್ದು, ಒಂದು ಗೋಡೇಲಿ ಇಷ್ಟು ಫರಕು. ಅದಕ್ಕೇ ಹೇಳೋದು, ಅಟ್ಟದ ಮೇಲೆ ಇನ್ಸುಲೇಷನ್ ಇಲ್ದೆ ಇರೋ ಮನೆಗೆ ದುಬಾರಿ ರೇಡಿಯೇಟರ್ ಹಾಕ್ಸೋದು ದಂಡ ಅಂತ. ಮೊದ್ಲು ಅಟ್ಟ, ಆಮೇಲೆ ಕಿಟಕಿ ಬಾಗಿಲ ಸಂದಿ, ರೇಡಿಯೇಟರ್ ಅದಾದ್ಮೇಲೆ.

ಅಂಗಡೀಲಿ ಟೈಪ್ 11, ಟೈಪ್ 21, ಟೈಪ್ 22 ಅಂತ ಇರುತ್ತೆ. ಮೊದಲ ಅಂಕಿ ನೀರು ಓಡಾಡೋ ಪ್ಯಾನಲ್ ಎಷ್ಟು ಅಂತ, ಎರಡನೇದು ಹಿಂದೆ ಇರೋ ಮಡಚಿದ ತಗಡು, ಅಂದ್ರೆ ಗಾಳಿ ಮೇಲಕ್ಕೆ ಹೋಗೋ ಫಿನ್ಸ್, ಎಷ್ಟು ಸಾಲು ಅಂತ. 600 ಎಂಎಂ ಎತ್ತರ 1000 ಎಂಎಂ ಉದ್ದದ ಟೈಪ್ 11 ಸುಮಾರು 1000 ವ್ಯಾಟ್ ಕೊಟ್ರೆ ಅಷ್ಟೇ ಉದ್ದದ ಟೈಪ್ 22 ಸುಮಾರು 1700 ವ್ಯಾಟ್ ಕೊಡುತ್ತೆ, ಗೋಡೆಯಿಂದ ಮುಂದಕ್ಕೆ ಸ್ವಲ್ಪ ಜಾಸ್ತಿ ಬರುತ್ತೆ ಅಷ್ಟೇ. ಹಳೇ ಟೈಪ್ 11 ತೆಗೆದು ಅದೇ ಉದ್ದದ 22 ಹಾಕಿದ್ರೆ ಪೈಪ್ ಅಲುಗಾಡಿಸೋ ಕೆಲಸ ಹೆಚ್ಚೇನೂ ಇರಲ್ಲ, ಪ್ಲಂಬರ್ ಕೂಲಿ ಉಳಿಯುತ್ತೆ, ಕಾಸಿಗೆ ತಕ್ಕ ಕಜ್ಜಾಯ ಅಂದ್ರೆ ನನ್ನ ಪ್ರಕಾರ ಇದೇ.

ಇನ್ನು ಅಂದ. ಬರೀ ಬಿಳಿ ತಗಡು ಬೇಡ ಅನ್ನೋರಿಗೆ ಕಾಲಮ್ ರೇಡಿಯೇಟರ್ ಚೆನ್ನಾಗಿರುತ್ತೆ, ಉದ್ದುದ್ದ ಕೊಳವೆ ಜೋಡಿಸಿದ ಹಾಗೆ ಇರೋದು, ಹಳೇ ಮನೆಗೂ ಒಪ್ಪುತ್ತೆ ಹೊಸದಕ್ಕೂ ಒಪ್ಪುತ್ತೆ. ಅದು ಸ್ಟೀಲಲ್ಲೂ ಸಿಗುತ್ತೆ ಎರಕದ ಕಬ್ಬಿಣದಲ್ಲೂ ಸಿಗುತ್ತೆ. ಕಬ್ಬಿಣದ್ದು ಅಜ್ಜಿ ಕಾಲದ ರೊಟ್ಟಿ ಕಾವಲಿ ಇದ್ದಂಗೆ, ಕಾಯೋಕೂ ಹೊತ್ತು ಆರೋಕೂ ಹೊತ್ತು. ದಿನವಿಡೀ ಮನೇಲಿ ಜನ ಇರೋ ಕಡೆ ಸೈ, ಇಬ್ರೂ ಡ್ಯೂಟಿಗೆ ಹೋಗಿ ಸಂಜೆ ಬಂದು ಹೀಟಿಂಗ್ ಹಾಕೋರಿಗೆ ಅದು ಬಿಸಿಯಾಗೋ ಹೊತ್ತಿಗೆ ಊಟ ಮುಗಿದು ಮಲಗೋ ಟೈಮ್ ಆಗಿರುತ್ತೆ. ಅಂಥೋರು ಸ್ಟೀಲೋ ಅಲ್ಯುಮಿನಿಯಮ್ಮೋ ತಗೊಳ್ಳಿ. ಭಾರನೂ ನೋಡ್ಬೇಕು, ಒಳಗೋಡೆ ಎಷ್ಟೋ ಮನೇಲಿ ಬರೀ ಪ್ಲಾಸ್ಟರ್‌ಬೋರ್ಡ್, ಕಬ್ಬಿಣದ್ದನ್ನ ಅದಕ್ಕೆ ನೇತು ಹಾಕೋಕಾಗಲ್ಲ, ಕಾಲಿರೋದು ತಂದು ನೆಲದ ಮೇಲೇ ನಿಲ್ಲಿಸ್ಬೇಕು.

ನಿಲುವಾಗಿರೋ ವರ್ಟಿಕಲ್ ರೇಡಿಯೇಟರ್ ಅಡುಗೆಮನೆಗೆ, ಗೋಡೆ ಜಾಗ ಕಮ್ಮಿ ಇರೋ ಕಡೆಗೆ ಒಳ್ಳೇದು. ಬಣ್ಣದ ಬಗ್ಗೆ ಭಾಳ ತಲೆ ಕೆಡಿಸ್ಕೋಬೇಡಿ, ಕಪ್ಪಾದ್ರೂ ಬಿಳಿಯಾದ್ರೂ ಶಾಖಕ್ಕೆ ಅಂಥ ಫರಕು ಬರಲ್ಲ ಯಾಕಂದ್ರೆ ಪ್ಯಾನಲ್ ರೇಡಿಯೇಟರ್ ಹೆಚ್ಚಾಗಿ ಕೆಲಸ ಮಾಡೋದೇ ಗಾಳಿ ಬಿಸಿ ಮಾಡಿ. ಆದ್ರೆ ಕ್ರೋಮ್ ಬೇರೆ ವಿಷಯ. ಬಾತ್‌ರೂಮಲ್ಲಿ ಪಳಪಳ ಅನ್ನೋ ಕ್ರೋಮ್ ಟವೆಲ್ ರೈಲ್ ಅದೇ ಸೈಜಿನ ಬಿಳಿ ಪೇಂಟ್ ಹೊಡೆದಿದ್ದಕ್ಕಿಂತ ಕಮ್ಮಿ ಶಾಖ ಕೊಡುತ್ತೆ, ಅದ್ರ ಮೇಲೆ ಎರಡು ಟವೆಲ್ ಬಿದ್ರೆ ಮುಗೀತು ಕಥೆ. ಊರಿಂದ ಅಪ್ಪ ಅಮ್ಮ ಬಂದಾಗ ಅವರಿಗೆ ಬಾತ್‌ರೂಮ್ ತಣ್ಣಗಿದ್ರೆ ಆಗಲ್ಲ, ಬಿಳೀದೇ ಹಾಕ್ಸಿ, ಒಂದು ಸೈಜು ದೊಡ್ದೇ ಇರ್ಲಿ.

ನಮ್ಮ ಮನೆಗಳಿಗೆ ಇನ್ನೊಂದು ವಿಷಯ ಇದೆ, ಇದನ್ನ ಅಲ್ಲಿಯ ಶೋರೂಮಿನೋರು ಹೇಳಲ್ಲ. ದಿನಾ ಒಗ್ಗರಣೆ, ಊದುಬತ್ತಿ ಹೊಗೆ, ಎಣ್ಣೆ ಜಿಡ್ಡು ಎಲ್ಲಾ ಸೇರಿ ಆ ಫಿನ್ಸ್ ಒಳಗೆ ಧೂಳು ಅಂಟಿಕೊಂಡು ಕೂರುತ್ತೆ, ಆಮೇಲೆ ಗಾಳಿ ಸರಿಯಾಗಿ ಹರಿಯಲ್ಲ, ಮೊದಲ ಸಲ ಹೀಟಿಂಗ್ ಹಾಕ್ದಾಗ ಸುಟ್ಟ ವಾಸನೆ ಬೇರೆ. ಮೇಲಿನ ಗ್ರಿಲ್ ಬಿಚ್ಚಿ ತೆಗೆಯೋಕೆ ಬರೋ ಥರದ್ದೇ ತಗೊಳ್ಳಿ, ಉದ್ದ ಬ್ರಷ್ ಹಾಕಿ ಮೇಲಿಂದ ಕೆಳಗೆ ಒಂದು ಎಳೆತ ಎಳೆದ್ರೆ ಸಾಕು. ಅಡುಗೆಮನೆಗೆ ಫಿನ್ಸ್ ಇಲ್ಲದ ಕಾಲಮ್ಮೇ ವಾಸಿ. ದೋಸೆ ಹಿಟ್ಟಿಗೂ ರೇಡಿಯೇಟರ್ ಬೇಕೇ ಬೇಕು, ಡಿಸೆಂಬರಲ್ಲಿ ಹುಳಿ ಬರಲ್ಲ ಅಂತ ಗೋಳಾಡೋರು ಪಾತ್ರೆನ ಅದ್ರ ಮೇಲೆ ಇಡ್ತಾರೆ, ತಳದಲ್ಲಿ ಹಿಟ್ಟು ಅರ್ಧ ಬೆಂದು ಗಟ್ಟಿಯಾಗಿರುತ್ತೆ ಮೇಲೆ ಹಂಗೇ ಇರುತ್ತೆ. ಪಕ್ಕದಲ್ಲಿ ನೆಲದ ಮೇಲೆ ಒಂದು ಮರದ ಮಣೆ ಹಾಕಿ ಅದ್ರ ಮೇಲಿಟ್ಟು ಟವೆಲ್ ಸುತ್ತಿ, ಬೆಳಗ್ಗೆ ಉಬ್ಬಿರುತ್ತೆ.

ಎಷ್ಟೇ ಚೆನ್ನಾಗಿರೋದು ತಂದ್ರೂ ಮುಂದೆ ಸೋಫಾ ಒತ್ತಿ ಇಟ್ರೆ, ಉದ್ದ ಕರ್ಟನ್ ಇಳಿಬಿಟ್ರೆ, ಇಲ್ಲಾ ಚೆಂದ ಕಾಣ್ಲಿ ಅಂತ ಮರದ ಪೆಟ್ಟಿಗೆ ಮುಚ್ಚಿದ್ರೆ ದುಡ್ಡು ನೀರಲ್ಲಿ ಹೋಮ ಮಾಡಿದ ಹಾಗೆ. ಕರ್ಟನ್ ಕಿಟಕಿ ಹಲಗೆ ಮಟ್ಟಕ್ಕೆ ನಿಲ್ಲಿಸಿ. ಹಳೇ ಒಂಟಿ ಗೋಡೆ ಆಗಿದ್ರೆ ರೇಡಿಯೇಟರ್ ಹಿಂದೆ ಹೊಳೆಯೋ ಫಾಯಿಲ್ ಹಾಳೆ ಅಂಟಿಸಿ, ಇನ್ಸುಲೇಷನ್ ಇರೋ ಗೋಡೆಗೆ ಅದ್ರಿಂದ ಹೇಳ್ಕೊಳ್ಳೋ ಲಾಭ ಇಲ್ಲ.

ಹೊಸದು ಕೂರಿಸ್ದಾಗ ಪ್ರತಿ ರೇಡಿಯೇಟರ್‌ಗೂ ಟಿಆರ್‌ವಿ ಹಾಕಿಸಿ, ಅದು ರೂಮಿನ ಬಿಸಿ ನೋಡ್ಕೊಂಡು ನೀರನ್ನ ತಾನೇ ಹೆಚ್ಚು ಕಮ್ಮಿ ಮಾಡೋ, 1ರಿಂದ 5ರ ತನಕ ನಂಬರಿರೋ ತಿರುಗಣೆ, 3 ಅಂದ್ರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದ್ರೆ ಬೇಗ ಬಿಸಿಯಾಗುತ್ತೆ ಅನ್ನೋದು ಸುಳ್ಳು, ಜಾಸ್ತಿ ಹೊತ್ತು ಬಿಸಿಯಾಗ್ತಾನೇ ಇರುತ್ತೆ ಅಷ್ಟೇ. ಗೋಡೆ ಮೇಲೆ ಮುಖ್ಯ ಥರ್ಮೋಸ್ಟಾಟ್ ಇರೋ ರೂಮಿಗೆ ಮಾತ್ರ ಟಿಆರ್‌ವಿ ಬೇಡ, ಎರಡೂ ಒಂದಕ್ಕೊಂದು ಜಗಳ ಆಡುತ್ತೆ. ಕಾಂಬಿ ಬಾಯ್ಲರ್, ಅಂದ್ರೆ ನಲ್ಲಿ ನೀರನ್ನೂ ಬೇಕಾದಾಗಲೇ ಕಾಯಿಸೋದು, ಇರೋರು ಹೀಟಿಂಗ್ ನೀರಿನ ಬಿಸಿ 60ಕ್ಕೋ 55ಕ್ಕೋ ಇಳಿಸಿ ನೋಡಿ, ಬಿಸಿನೀರು ತುಂಬಿಡೋ ಸಿಲಿಂಡರ್ ಬೇರೆ ಇರೋ ಮನೆಯೋರು ಕೇಳದೆ ಇಳಿಸ್ಬೇಡಿ, ಆ ಸಿಲಿಂಡರ್ ನೀರು 60 ಡಿಗ್ರಿ ಇರ್ಬೇಕು, ಲೀಜನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಕಾಟ. ರೇಡಿಯೇಟರ್ ಮೇಲ್ಭಾಗ ತಣ್ಣಗಿದ್ರೆ ಗಾಳಿ ಸೇರಿದೆ, ಕೀಲಿ ಹಾಕಿ ಬ್ಲೀಡ್ ಮಾಡಿ, ಅಂದ್ರೆ ಆ ಗಾಳಿ ಹೊರಗೆ ಬಿಡಿ, ಆಮೇಲೆ ಬಾಯ್ಲರ್ ಪ್ರೆಶರ್ ತಣ್ಣಗಿದ್ದಾಗ 1ರಿಂದ 1.5 ಬಾರ್ ಇದೆಯಾ ನೋಡಿ. ಕೆಳಭಾಗ ತಣ್ಣಗಿದ್ರೆ ತುಕ್ಕಿನ ಕೆಸರು ತುಂಬಿದೆ, ಅದಕ್ಕೆ ಪ್ಲಂಬರ್ ಬೇಕು. ಬಾಯ್ಲರ್ ಗ್ಯಾಸ್ ಭಾಗ ಮುಟ್ಟೋರು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ, ಅಂದ್ರೆ ಗ್ಯಾಸ್ ಕೆಲಸಕ್ಕೆ ಅನುಮತಿ ಇರೋರ ಪಟ್ಟೀಲಿ, ಇರೋರೇ ಆಗಿರ್ಬೇಕು, ಕಾರ್ಡ್ ಕೇಳಿ, ಸಂಕೋಚ ಬೇಡ.

ಸ್ವಂತ ಮನೆಯೋರು ಇನ್ನೊಂದು ಯೋಚ್ನೆ ಮಾಡಿ. ಇಂಗ್ಲೆಂಡ್‌ನಲ್ಲಿ 2022ರ ಜೂನ್‌ನಿಂದ ಹೀಟಿಂಗ್ ಸಿಸ್ಟಮ್ ಪೂರ್ತಿ ಹೊಸದಾಗಿ ಹಾಕಿದ್ರೆ 55 ಡಿಗ್ರಿ ಅಥವಾ ಅದಕ್ಕಿಂತ ಕಮ್ಮಿ ನೀರಿಗೇ ಸೈಜ್ ಮಾಡ್ಬೇಕು ಅಂತ ನಿಯಮ ಬಂದಿದೆ. ಮುಂದೆ ಹೀಟ್ ಪಂಪ್, ಅಂದ್ರೆ ಹೊರಗಿನ ಶಾಖನ ಕರೆಂಟಿಂದ ಒಳಗೆ ತರೋ ಮಷೀನು, ಹಾಕ್ಸಿದ್ರೂ ಅದಕ್ಕೂ ಇಂಥ ಕಮ್ಮಿ ಬಿಸಿ ನೀರೇ ಅನುಕೂಲ, ಇಂಗ್ಲೆಂಡ್ ವೇಲ್ಸ್‌ನಲ್ಲಿ 2023ರ ಅಕ್ಟೋಬರ್‌ನಿಂದ ಅದಕ್ಕೆ ಸರ್ಕಾರದ ಸಹಾಯಧನ 7,500 ಪೌಂಡ್ ಮಾಡಿದಾರೆ. ಈಗ ಸಣ್ಣ ಡಿಸೈನರ್ ಪೀಸ್ ಹಾಕ್ಸಿ ಆಮೇಲೆ ಕಿತ್ತು ಹಾಕೋ ಬದ್ಲು ಈಗ್ಲೇ ದೊಡ್ದು ಹಾಕಿಬಿಡಿ. ಚಿಕ್ಕಮಗಳೂರಿನೋರಿಗೂ ಇದೇ ಹೇಳಿದೆ, ಮಗ ಆರಿಸಿದ್ದು ಅಂದವಾಗಿದೆ, ಆದ್ರೆ ಹಾಲಿಗೆ ಬೇಕಾದ ಶಾಖದ ಅರ್ಧನೂ ಬರಲ್ಲ, ಅದೇ ದುಡ್ಡಿಗೆ ಹಾಲಿಗೊಂದು ಉದ್ದನೇ ಕಾಲಮ್, ಬೆಡ್‌ರೂಮಿಗೆ ಟೈಪ್ 22 ಬರುತ್ತೆ ಅಂತ.

ಬಾಡಿಗೆ ಮನೆಯೋರು ರೇಡಿಯೇಟರ್ ಬದಲಾಯಿಸೋ ತಂಟೆಗೆ ಹೋಗ್ಬೇಡಿ, ಮನೆ ನೋಡೋಕೆ ಹೋದಾಗ್ಲೇ ಇಪಿಸಿ ರೇಟಿಂಗ್, ಅಂದ್ರೆ ಮನೆ ಎಷ್ಟು ಇಂಧನ ಉಳಿಸುತ್ತೆ ಅನ್ನೋ ಸರ್ಟಿಫಿಕೇಟಿನ ದರ್ಜೆ, ಕೇಳಿ, ಹೀಟಿಂಗ್ ಹಾಕಿಸಿ ಪ್ರತಿ ರೂಮಿನ ರೇಡಿಯೇಟರ್ ಮುಟ್ಟಿ ನೋಡಿ, ಬಿಸಿ ಆಗದೇ ಇದ್ರೆ ಸಹಿ ಹಾಕೋಕೆ ಮುಂಚೆ ಇಮೇಲ್‌ನಲ್ಲಿ ಬರೆಸ್ಕೊಳ್ಳಿ. ಚಳಿ ತಡೀಲಾರ್ದೆ ಎಲೆಕ್ಟ್ರಿಕ್ ಹೀಟರ್ ತರೋರು ಇದೀರ, ಅದ್ರಲ್ಲಿ ಅಗ್ಗದ್ದೂ ದುಬಾರೀದೂ 1 ಯೂನಿಟ್ ಕರೆಂಟಿಗೆ ಕೊಡೋ ಶಾಖ ಒಂದೇ, ಕರೆಂಟು ಗ್ಯಾಸಿಗಿಂತ ಹತ್ರತ್ರ ನಾಲ್ಕು ಪಟ್ಟು ರೇಟು. ಎಫಿಷಿಯಂಟ್ ಅಂತ ಮೇಲೆ ಬರ್ದಿರೋದಕ್ಕೆ ಜಾಸ್ತಿ ದುಡ್ಡು ಕೊಡ್ಬೇಡಿ. ಮತ್ತೆ ಹೊಸ ರೇಡಿಯೇಟರ್ ಹಾಕ್ಸೋರು ಮೇ, ಜೂನ್‌ನಲ್ಲೇ ಪ್ಲಂಬರ್‌ಗೆ ಹೇಳಿಡಿ, ಅಕ್ಟೋಬರ್ ಆದ್ಮೇಲೆ ಅವ್ರು ಫೋನೇ ಎತ್ತಲ್ಲ.